ಕುಸುರೆಳ್ಳಿನ ಒಡವೆಗೆ ಕೈಗೂಲಿ ಎಷ್ಟು?

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ–ಭಜ್ಜಿ ಉಂಡು ಮನೆಗೆ ಮರಳಿದರೆ ಕಲಬುರಗಿಯ ಹೆಣ್ಣುಮಕ್ಕಳ ಮನಸ್ಸು ಸಂಕ್ರಾಂತಿಯತ್ತ ಹೊರಳುತ್ತದೆ. ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆಯ ತಯಾರಿ ಎಲ್ಲ ಮನೆಗಳದ್ದು. ಮೊದಲ ಸಂಕ್ರಾಂತಿ ಕಾಣುವ ಕೂಸು ಅಥವಾ ಹೊಸದಾಗಿ ಮದುವೆಯಾದ ಮಗಳು ಇರುವ ಮನೆಗೆ ಇನ್ನೊಂದು ಕೆಲಸವಿದೆ: ಎಳ್ಳಿಗೆ ಸಕ್ಕರೆ ಪಾಕ ಹಿಡಿಸಿದ ಕುಸುರೆಳ್ಳಿನ ಒಡವೆ ಮಾಡಿಸಬೇಕು.

ಉತ್ತರ ಕರ್ನಾಟಕದ ಅನೇಕ ಮನೆತನಗಳು ಈ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ. ಕೂಸಿಗೆ ಕಿರೀಟ, ತೋಳಬಂದಿ, ಕೊರಳ ಹಾರ, ಕೈಯಲ್ಲೊಂದು ಕೊಳಲು. ಹಾಗೆ ಸಿಂಗರಿಸಿ ಕೂಡಿಸಿ, ಬಾರಿಹಣ್ಣು, ಕಬ್ಬಿನ ತುಂಡು, ಚುರಮುರಿಯನ್ನು ತಲೆಯ ಮೇಲಿಂದ ಸುರಿದು ಕರಿ ಎರೆಯುತ್ತಾರೆ. ಹೊಸ ಮದುವಣಗಿತ್ತಿಗೆ ಬೈತಲೆ ಬಟ್ಟು, ಜುಮಕಿ, ಸರ, ಬಳೆ, ಡಾಬು. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಬಿಳಿ ಕುಸುರೆಳ್ಳು ಎದ್ದು ಕಾಣುತ್ತದೆ. ಮರಾಠಿ ಸೀಮೆಯಲ್ಲಿ ಇದೇ ಒಡವೆಗೆ ‘ಹಲವ್ಯಾಚೆ ದಾಗಿನೆ’ ಎನ್ನುತ್ತಾರೆ. ಪುಣೆ, ಮುಂಬೈ ಪೇಟೆಗಳಲ್ಲಿ ಸಿದ್ಧ ಸೆಟ್ಟುಗಳೇ ಸಿಗುತ್ತವೆ, ಆನ್‌ಲೈನ್‌ನಲ್ಲೂ ಬರುತ್ತವೆ. ಆದರೆ ಆರು ತಿಂಗಳ ಕೂಸಿನ ತಲೆಯ ಸುತ್ತಳತೆಗೆ, ಮದುಮಗಳ ಕುಬಸದ ಕೊರಳಿಗೆ ಹೊಂದುವಂತೆ ಕಟ್ಟಿಕೊಡುವುದು ಓಣಿಯ ಕೈಗಳಿಗೆ ಮಾತ್ರ ಸಾಧ್ಯ. ಕಲಬುರಗಿಯ ಖೂಬಾ ಪ್ಲಾಟ್‌ನಂಥ ಬಡಾವಣೆಯ ನಡುಮನೆಯಲ್ಲಿ ಕೂತು ಮಾಡಬಹುದಾದ ಸಣ್ಣ ಉದ್ಯೋಗಕ್ಕೆ ಇರುವ ದೊಡ್ಡ ಬಲ ಇದೇ.

ಮುಳ್ಳು ಬರುವ ಹೊತ್ತು

ಕುಸುರೆಳ್ಳು ಬೆಳೆಯುವುದು ನಿಧಾನವಾಗಿ. ಸಕ್ಕರೆ ಪಾಕಕ್ಕೆ ತುಸು ಹಾಲು ಹಾಕಿ ಕುದಿಸಿ, ಮೇಲೆ ತೇಲುವ ಕೊಳೆಯನ್ನು ತೆಗೆದರೆ ಪಾಕ ತಿಳಿಯಾಗುತ್ತದೆ. ಬಿಳುಪಿನ ಗುಟ್ಟು ಅಲ್ಲಿದೆ. ಪರಾತದಲ್ಲಿ ಎಳ್ಳು ಹರವಿ, ಕೈ ಸುಡದಷ್ಟು ಸಣ್ಣ ಶಾಖದ ಮೇಲಿಟ್ಟು, ಚಮಚೆ ಚಮಚೆಯಾಗಿ ಪಾಕ ಬಿಡುತ್ತ ಬೆರಳಿನಿಂದ ಆಡಿಸುತ್ತ ಹೋಗಬೇಕು. ಪಾಕದ ನೀರು ಆರಿದಂತೆ ಸಕ್ಕರೆ ಕಾಳಿಗೆ ಹರಳುಗಟ್ಟುತ್ತದೆ. ಮೊದಲು ಉಬ್ಬಿದ ತುದಿಗೆ ಮುಂದಿನ ಪಾಕ ಮೊದಲು ತಾಗುವುದರಿಂದ ಆ ತುದಿಯೇ ಬೆಳೆದು ಮುಳ್ಳಾಗುತ್ತದೆ. ಅವಸರಪಟ್ಟು ಪಾಕ ಹೆಚ್ಚು ಸುರಿದರೆ ಕಾಳುಗಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ; ಉರಿ ಹೆಚ್ಚಾದರೆ ಬಣ್ಣ ಕೆಡುತ್ತದೆ. ಬೇಕಾದ ಗಾತ್ರ ಬರಲು ಒಂದೇ ಸಲ ಕೂತರೆ ಸಾಲದು, ದಿನಗಳೇ ಹಿಡಿಯುತ್ತವೆ.

ನಮ್ಮ ಸೀಮೆಯ ಚಳಿಗಾಲ ಈ ಕೆಲಸಕ್ಕೆ ಒದಗಿಬಂದಿದೆ. ಗಾಳಿ ಒಣಗಿದ್ದಷ್ಟೂ ಪಾಕ ಬೇಗ ಆರುತ್ತದೆ, ಮುಳ್ಳು ಚೂಪಾಗಿ ಬರುತ್ತದೆ. ಮೋಡ ಕವಿದ ದಿನ ಸಕ್ಕರೆ ತೇವ ಹೀರಿ ಮುಳ್ಳು ಕರಗತೊಡಗುತ್ತದೆ. ಸಿದ್ಧವಾದ ಕುಸುರೆಳ್ಳನ್ನು ಗಾಳಿಯಾಡದ ಡಬ್ಬಿಯಲ್ಲಿ ಬಿಗಿದು, ಇರುವೆ ಹತ್ತದಂತೆ ಕಾಯುವುದೂ ಕಸುಬಿನ ಭಾಗವೇ.

ಒಡವೆಗೆ ತಕ್ಕಂತೆ ಕಾಳು ಬದಲಾಗುತ್ತದೆ. ನವಿರಾದ ಕೆಲಸಕ್ಕೆ ಎಳ್ಳು, ಮುತ್ತಿನ ಸರಕ್ಕೆ ಸಾಬೂದಾಣಿ, ಉದ್ದ ಮಣಿಗೆ ಲವಂಗ, ದಪ್ಪ ಗುಂಡಿಗೆ ಶೇಂಗಾ. ಬಳಿಕ ದಾರ, ಜರಿ ಪಟ್ಟಿ, ರಟ್ಟು, ಅಂಟು ಸೇರಿ ಕಿರೀಟವೋ ಸರವೋ ಆಗುತ್ತದೆ. ಇಲ್ಲೊಂದು ಎಚ್ಚರ ಬೇಕು. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಡುತ್ತದೆ. ಆದ್ದರಿಂದ ಮಕ್ಕಳ ಒಡವೆಯಲ್ಲಿ ತಂತಿ, ಗುಂಡುಪಿನ್ನು ಇರಬಾರದು. ದಾರದಲ್ಲೇ ಕಟ್ಟಬೇಕು, ಗಂಟು ಭದ್ರವಾಗಿರಬೇಕು. ತಿನ್ನುವ ಕುಸುರೆಳ್ಳು ಬೇರೆ, ತೊಡುವ ಕುಸುರೆಳ್ಳು ಬೇರೆ ಎಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ತಿನ್ನುವುದನ್ನೂ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕು.

ಹಿಗ್ಗುವ ಕುಗ್ಗುವ ಹಂಗಾಮು

ಈ ವ್ಯಾಪಾರದ ಕ್ಯಾಲೆಂಡರು ವಿಚಿತ್ರ. ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬ, ಜನವರಿ 14–15ರ ಆಚೀಚೆ ಹೋಗುವುದಿಲ್ಲ. ಎಳ್ಳು ಬೀರುವುದು, ಕೂಸಿಗೆ ಕರಿ ಎರೆಯುವುದು ರಥಸಪ್ತಮಿಯವರೆಗೂ ನಡೆಯುತ್ತದೆ. ರಥಸಪ್ತಮಿ ಮಾತ್ರ ಚಂದ್ರನ ತಿಥಿಗೆ ಸೇರಿದ್ದು. 2025ರಲ್ಲಿ ಅದು ಫೆಬ್ರುವರಿ 4ಕ್ಕೆ ಬಂತು, ಹಬ್ಬದ ಬಳಿಕ ಮೂರು ವಾರ ಸಿಕ್ಕಿತು. 2026ರಲ್ಲಿ ಜನವರಿ 25ಕ್ಕೇ ಬಂದು ಹತ್ತು ಹನ್ನೊಂದು ದಿನಗಳಲ್ಲಿ ಹಂಗಾಮು ಮುಗಿಯಿತು. ಮನೆಯಲ್ಲಿ ಕೂತು ಆರ್ಡರು ಹಿಡಿಯುವವರು ಮೊದಲು ಪಂಚಾಂಗ ತೆರೆದು ನೋಡಬೇಕು. ಹಂಗಾಮು ಗಿಡ್ಡವಾದ ವರ್ಷ ಡಿಸೆಂಬರಿನಲ್ಲೇ ಆರ್ಡರು ಮುಚ್ಚಬೇಕು, ಹತ್ತು ಸೆಟ್ಟು ಆಗುವ ಕಡೆ ಹದಿನೈದಕ್ಕೆ ಒಪ್ಪಿಕೊಳ್ಳಬಾರದು. ಅಳತೆ, ಬಣ್ಣ, ಬೇಕಾದ ದಿನ, ಮುಂಗಡ ನಾಲ್ಕನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ಹಬ್ಬದ ಮುಂಜಾನೆ ಮನಸ್ತಾಪವಿರುವುದಿಲ್ಲ.

‘ಮನ್ಯಾಗ ಕೂತು ಮಾಡೋದೇ ಅಲ್ಲೇನ್ರಿ?’

ನನಗೆ ಹೇಳಬೇಕಾದ ಮುಖ್ಯ ಮಾತು ದರದ್ದು. ಒಡವೆ ನೋಡಿ ಹಿಗ್ಗಿದವರೇ ದರ ಕೇಳಿದಾಗ ‘ಮನ್ಯಾಗ ಕೂತು ಮಾಡೋದೇ ಅಲ್ಲೇನ್ರಿ, ಸಕ್ಕರಿಗೆ ಎಷ್ಟು ಮಹಾ ಖರ್ಚಾಗತದ?’ ಎನ್ನುತ್ತಾರೆ. ಕೇಳುವವರು ಪರಿಚಯದವರು, ಓಣಿಯವರು, ಬೀಗರು. ಮಾಡುವಾಕೆ ಸಂಕೋಚದಿಂದ ಸಾಮಾನಿನ ಖರ್ಚಿಗೆ ಇಷ್ಟು ಸೇರಿಸಿ ಕೊಟ್ಟುಬಿಡುತ್ತಾಳೆ. ಪರಾತದ ಮುಂದೆ ಬಗ್ಗಿ ಕೂತ ಬೆನ್ನಿಗೆ, ಶಾಖ ತಿಂದ ಬೆರಳುಗಳಿಗೆ ಕೂಲಿಯೇ ಇಲ್ಲದಂತಾಗುತ್ತದೆ.

ಒಂದು ಅಳತೆಗೋಲು ನಮ್ಮ ಕಣ್ಣೆದುರೇ ಇದೆ. 2025–26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಅದು ಕುಶಲವಲ್ಲದ ಕೆಲಸಕ್ಕೆ ನಿಗದಿಯಾದ ಕೂಲಿ. ಒಂದು ಸೆಟ್ಟಿಗೆ ಕಾಳು ಬೆಳೆಸುವುದರಿಂದ ಕಟ್ಟುವವರೆಗೆ ಎರಡು ದಿನದ ದುಡಿತ ಹಿಡಿದರೆ ಕೈಗೂಲಿಯೇ 740 ರೂಪಾಯಿ ಆಗಬೇಕು. ಸಕ್ಕರೆ, ಗ್ಯಾಸು, ಜರಿ, ಡಬ್ಬಿ ಬೇರೆ. ಕಲಿಯಲು ವರ್ಷಗಳೇ ಬೇಕಾದ ಕೌಶಲಕ್ಕೆ ಮಣ್ಣು ಹೊರುವ ಕೂಲಿಗಿಂತ ಕಡಿಮೆ ಕೊಡುವುದು ನ್ಯಾಯವಲ್ಲ. ಹೀಗಾಗಿ ಚೀಟಿ ಎಷ್ಟೇ ಸಣ್ಣದಿರಲಿ, ಸಾಮಾನು ಒಂದು ಸಾಲು, ಕೈಗೂಲಿ ಇನ್ನೊಂದು ಸಾಲು ಎಂದು ಬರೆಯಬೇಕು. ಸಾಲು ಕಣ್ಣಿಗೆ ಬಿದ್ದರೆ ಚೌಕಾಸಿಯ ನಾಲಗೆ ತಡೆಯುತ್ತದೆ.

ಸರ್ಕಾರದ ಲೆಕ್ಕದಲ್ಲೂ ಈ ಕೈಗಳು ಕಾಣಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ, ಮಾಲೆಗಾರ, ಗೊಂಬೆ ಮಾಡುವವರು ಇದ್ದಾರೆ. ಕುಸುರೆಳ್ಳಿನ ಒಡವೆ ಮಾಡುವವರ ಹೆಸರಿಲ್ಲ. ಆದರೆ ಉಚಿತವಾದ ಉದ್ಯಮ್ ನೋಂದಣಿಗೆ ಅಡ್ಡಿಯಿಲ್ಲ. ಅದು ಕೈಯಲ್ಲಿದ್ದರೆ ಬ್ಯಾಂಕಿನ ಮುಂದೆ ಹವ್ಯಾಸಿಯಾಗಿ ನಿಲ್ಲಬೇಕಾಗಿಲ್ಲ, ಉದ್ಯಮಿಯಾಗಿ ನಿಲ್ಲಬಹುದು.

ಕೂಡಿ ದುಡಿಯಲು ದಾರಿಯೂ ಇದೆ. ಜೋಳದ ರೊಟ್ಟಿಯನ್ನು ನೋಡಿ. ಮನೆ ಮನೆಯ ಒಲೆಯ ಮುಂದಿನ ದುಡಿಮೆ ಸ್ವಸಹಾಯ ಸಂಘಗಳ ಮೂಲಕ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಪಡೆದು ದೂರದ ಊರು ಮುಟ್ಟಿತು. ಕುಸುರೆಳ್ಳಿನದು ಅಷ್ಟು ದೊಡ್ಡ ಮಾರುಕಟ್ಟೆಯಲ್ಲ, ಆದರೂ ಅದೇ ಬುದ್ಧಿ ಇಲ್ಲಿಗೂ ಸಲ್ಲುತ್ತದೆ. ಕೆಂಬಾಳೆಗೆ ಹೆಸರಾದ ಕಮಲಾಪುರದಲ್ಲಿ ಕಾಳು ಬೆಳೆಸುವವರು, ಖೂಬಾ ಪ್ಲಾಟ್‌ನಲ್ಲಿ ಅಳತೆ ತೆಗೆದು ಕಟ್ಟುವವರು ಎಂದು ಕೆಲಸ ಹಂಚಿಕೊಳ್ಳಬಹುದು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಎರಡೂ ಊರಿನ ನಡುವಿನ ಬಸ್ಸು ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತ. ಡಬ್ಬಿ ಹಿಡಿದು ಬಂದು ಸಂಜೆಗೆ ಮನೆ ಸೇರಬಹುದು.

ಉಳಿದದ್ದು ಕೊಳ್ಳುವ ನಮ್ಮ ಹೊಣೆ. ಮುಂದಿನ ಸಂಕ್ರಾಂತಿಗೆ ನಿಮ್ಮ ಮನೆಯಲ್ಲಿ ಕೂಸಿದ್ದರೆ ಎಳ್ಳ ಅಮಾವಾಸ್ಯೆಗೆ ಮೊದಲೇ ಅಳತೆ ಕೊಡಿ, ಅರ್ಧ ಹಣ ಮುಂಗಡ ಕೊಡಿ. ಚೀಟಿಯಲ್ಲಿ ಕೈಗೂಲಿಯ ಸಾಲು ಇಲ್ಲದಿದ್ದರೆ ನೀವೇ ಕೇಳಿ ಬರೆಸಿ, ಬರೆದಷ್ಟನ್ನು ಪೂರ್ತಿ ಕೊಡಿ.