ನಾಲ್ಕು ಬದಿಗಳಲ್ಲಿ 1983

1983ರ ನವೆಂಬರ್ 28ರಂದು ಬ್ರಿಟನ್ನಿನ ವರ್ಜಿನ್ ಮತ್ತು ಇಎಂಐ ಸಂಸ್ಥೆಗಳು ಕೂಡಿ ಹೊರತಂದ ‘ನೌ ದಟ್ಸ್ ವಾಟ್ ಐ ಕಾಲ್ ಮ್ಯೂಸಿಕ್’ ಎಂಬ ಜೋಡಿ ಎಲ್‌ಪಿ, ಆ ವರ್ಷ ಜನರ ಬಾಯಲ್ಲಿದ್ದ 30 ಪಾಪ್ ಹಾಡುಗಳನ್ನು ಮೂಲ ಗಾಯಕರ ಧ್ವನಿಯಲ್ಲಿಯೇ ಒಟ್ಟುಗೂಡಿಸಿದ ಸಂಕಲನ. ಮೂಲ ಗಾಯಕರ ಧ್ವನಿ ಎಂಬುದನ್ನು ಒತ್ತಿ ಹೇಳಬೇಕಾಗುತ್ತದೆ. ಏಕೆಂದರೆ ಎಪ್ಪತ್ತರ ದಶಕದಲ್ಲಿ ಹಾಲ್‌ಮಾರ್ಕ್ ಹೆಸರಿನಲ್ಲಿ ಅಗ್ಗವಾಗಿ ಮಾರಾಟವಾಗುತ್ತಿದ್ದ ‘ಟಾಪ್ ಆಫ್ ದ ಪಾಪ್ಸ್’ ಸಂಕಲನಗಳಲ್ಲಿ ಹಾಡುಗಳಷ್ಟೇ ಪ್ರಸಿದ್ಧವಾಗಿದ್ದು, ಅವುಗಳನ್ನು ಅನುಕರಿಸಿ ಹಾಡುತ್ತಿದ್ದವರು ಹೊದಿಕೆಯ ಮೇಲೆ ಹೆಸರೂ ಕಾಣದ ಸ್ಟುಡಿಯೊ ಕಲಾವಿದರಾಗಿದ್ದರು. ಕೆನಡಾದ ವಿನಿಪೆಗ್‌ನಲ್ಲಿ ಫಿಲಿಪ್ ಕೈವ್ಸ್ ಕಟ್ಟಿದ ಕೆ-ಟೆಲ್ ಸಂಸ್ಥೆ, ಅಡುಗೆಮನೆಯ ಸಲಕರಣೆಗಳನ್ನು ಟಿವಿ ಜಾಹೀರಾತಿನಿಂದ ಮಾರುತ್ತಿದ್ದ ರೀತಿಯಲ್ಲಿಯೇ ಮೂಲ ಧ್ವನಿಮುದ್ರಣಗಳ ಸಂಕಲನಗಳನ್ನೂ ಮಾರತೊಡಗಿತು. ಅದರ ‘20 ಡೈನಾಮಿಕ್ ಹಿಟ್ಸ್’ 1972ರಲ್ಲಿ ಬ್ರಿಟನ್ನಿನ ಆಲ್ಬಂ ಪಟ್ಟಿಯ ಮೊದಲ ಸ್ಥಾನವನ್ನೇ ಹಿಡಿಯಿತು. ಕೆ-ಟೆಲ್ ಹಾಡುಗಳ ಹಕ್ಕನ್ನು ಅನ್ಯರಿಂದ ಪಡೆದು ಮಾರುವ ಮಧ್ಯವರ್ತಿ. 1983ರಲ್ಲಿ ಆದ ಬದಲಾವಣೆಯೆಂದರೆ, ಹಕ್ಕುಳ್ಳ ದೊಡ್ಡ ಸಂಸ್ಥೆಗಳೇ ಆ ಲಾಭವನ್ನು ತಮ್ಮಲ್ಲಿ ಉಳಿಸಿಕೊಳ್ಳಲು ಮುಂದಾದದ್ದು.

ಸಂಕಲನದ ಉದ್ದನೆಯ ಹೆಸರು ಬಂದದ್ದು ಡೆನ್ಮಾರ್ಕಿನ ಹಂದಿಮಾಂಸದ ಹಳೆಯ ಜಾಹೀರಾತು ಭಿತ್ತಿಚಿತ್ರವೊಂದರಿಂದ. ಕೋಳಿಯ ಕೂಗಿಗೆ ಕಿವಿಗೊಟ್ಟು ಇದೇ ಮಾತುಗಳಲ್ಲಿ ಮೆಚ್ಚುಗೆ ಸೂಚಿಸುವ ಹಂದಿಯನ್ನು ಚಿತ್ರಿಸಿದ್ದ ಅದನ್ನು ವರ್ಜಿನ್‌ನ ಒಡೆಯ ರಿಚರ್ಡ್ ಬ್ರಾನ್ಸನ್ ಕೊಂಡು, ಅದೇ ಸಂಸ್ಥೆಯಲ್ಲಿದ್ದ ತಮ್ಮ ಸೋದರಸಂಬಂಧಿ ಸೈಮನ್ ಡ್ರೇಪರ್‌ಗೆ ಕೊಟ್ಟಿದ್ದರು.

ಈ ತಟ್ಟೆಗಳ ಗುಣದೋಷಗಳನ್ನು ಅಳೆಯಲು ಎಲ್‌ಪಿಯ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಒಂದು ಬದಿಗೆ ಸುಮಾರು 20 ನಿಮಿಷಗಳ ಸಂಗೀತ ಹಿತಮಿತವಾದದ್ದು. ಅದಕ್ಕಿಂತ ಹೆಚ್ಚು ತುಂಬಬೇಕಾದರೆ, ಮುಳ್ಳು ಹರಿಯುವ ಸುರುಳಿ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗಿ, ಧ್ವನಿಯ ಮಟ್ಟವೂ ಮಂದ್ರಸ್ವರಗಳ ತುಂಬುತನವೂ ಕುಗ್ಗುತ್ತವೆ. ಒಂದೇ ತಟ್ಟೆಯಲ್ಲಿ ಇಪ್ಪತ್ತು ಹಾಡುಗಳನ್ನು ಹಿಡಿಸುತ್ತಿದ್ದ ಹಿಂದಿನ ಸಂಕಲನಗಳಲ್ಲಿ ಧ್ವನಿ ಕ್ಷೀಣವಾಗಿ, ಕೆಲವು ಹಾಡುಗಳು ಮುಗಿಯುವ ಮೊದಲೇ ಕರಗಿಹೋಗುತ್ತಿದ್ದುದಕ್ಕೆ ಇದೇ ಕಾರಣ. ಇದಲ್ಲದೆ, ತಟ್ಟೆಯ ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಮುಳ್ಳಿನಡಿ ಸರಿದರೆ, ನಡುವಿನ ಚೀಟಿಯ ಬಳಿ 20 ಸೆಂಟಿಮೀಟರ್‌ನಷ್ಟು ಮಾತ್ರ ಸರಿಯುವುದರಿಂದ, ಪ್ರತಿ ಬದಿಯ ಕೊನೆಯ ಹಾಡು ಎಲ್ಲಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ ಕೂರುತ್ತದೆ ಮತ್ತು ಅಬ್ಬರದ ಹಾಡಾದರೆ ಅಲ್ಲಿ ಸುಲಭವಾಗಿ ಒಡೆದು ಕೇಳಿಸುತ್ತದೆ.

ಹಾಡುಗಳ ಅನುಕ್ರಮವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಸಂಪಾದಕರ ಲೆಕ್ಕಾಚಾರ ತೆರೆದುಕೊಳ್ಳುತ್ತದೆ. ಎರಡನೆಯ ಬದಿ ಪಾಲ್ ಯಂಗ್ ಹಾಡಿದ ವಿಳಂಬಗತಿಯ ಹಾಡಿನಿಂದಲೂ, ಮೂರನೆಯದು ಪೀಬೊ ಬ್ರೈಸನ್ ಮತ್ತು ರಾಬರ್ಟಾ ಫ್ಲ್ಯಾಕ್ ಅವರ ಯುಗಳಗೀತೆಯಿಂದಲೂ, ನಾಲ್ಕನೆಯದು ಕಲ್ಚರ್ ಕ್ಲಬ್ ತಂಡದ ‘ವಿಕ್ಟಿಮ್ಸ್’ ಎಂಬ ನಿಧಾನದ ಹಾಡಿನಿಂದಲೂ ಕೊನೆಗೊಳ್ಳುತ್ತವೆ. ಇವು ಇಕ್ಕಟ್ಟಿನ ಜಾಗಕ್ಕೆ ಒಗ್ಗುವ ಆಯ್ಕೆಗಳೇ. ಮೊದಲ ಬದಿಯ ಕೊನೆಗೆ ಬಾನಿ ಟೈಲರ್ ಅವರ ‘ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್’ ಅನ್ನು ಇರಿಸಿದ್ದು ಮಾತ್ರ ದುಬಾರಿ ತೀರ್ಮಾನ: ಮೆಲ್ಲಗೆ ಆರಂಭವಾಗಿ ಆರ್ಭಟಕ್ಕೇರುವ ಆ ಹಾಡಿಗೆ ಮೊದಲ ತಟ್ಟೆಯ ಹೊರ ಅಂಚು ಸಲ್ಲಬೇಕಾಗಿತ್ತು.

ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಹಾಡುಗಳು ಇದರಲ್ಲಿ 11 ಇವೆ. ಅವುಗಳಲ್ಲಿ 10 ಮೊದಲ ತಟ್ಟೆಯಲ್ಲಿಯೇ ಮುಗಿದು, ಮೂರನೆಯ ಬದಿಯ ಆರಂಭಕ್ಕೆ ಒಂದು ಉಳಿದು, ನಾಲ್ಕನೆಯ ಬದಿಗೆ ಒಂದೂ ದಕ್ಕಿಲ್ಲ. ಕೊಳ್ಳುವವರನ್ನು ಸೆಳೆಯುವ ಹೊಣೆ ಮೊದಲ ತಟ್ಟೆಯದು. ಆದರೆ ಹೆಚ್ಚು ಕುತೂಹಲ ಕೆರಳಿಸುವುದು ಎರಡನೆಯದು, ಏಕೆಂದರೆ ಸಿಂಪಲ್ ಮೈಂಡ್ಸ್, ಜೆನಿಸಿಸ್ ಮೊದಲಾದ ತಂಡಗಳ ಆಗಷ್ಟೇ ಹೊರಬಂದಿದ್ದ ಹಾಡುಗಳನ್ನು, ಅವು ಎಲ್ಲಿಯವರೆಗೆ ಏರಬಹುದೆಂಬುದು ತಿಳಿಯುವ ಮೊದಲೇ, ಇಲ್ಲಿ ಪಣಕ್ಕಿಟ್ಟಂತೆ ಸೇರಿಸಲಾಗಿದೆ. ಟೀನಾ ಟರ್ನರ್ ಅವರ ಹಾಡೂ ಇಲ್ಲಿಯೇ ಇದೆ. ಅವರನ್ನು ಮತ್ತೆ ವಿಶ್ವಪ್ರಸಿದ್ಧರನ್ನಾಗಿಸಿದ ‘ಪ್ರೈವೇಟ್ ಡ್ಯಾನ್ಸರ್’ ಆಲ್ಬಂ ಬಂದದ್ದು ಮರುವರ್ಷ. ವಿಮರ್ಶಕರು ದಶಕಗಳ ಬಳಿಕ ಸಿದ್ಧಪಡಿಸುವ ಶ್ರೇಷ್ಠ ಹಾಡುಗಳ ಪಟ್ಟಿಗಳಲ್ಲಿ ಇಂತಹ ಅನಿಶ್ಚಿತತೆಗೆ ಎಡೆಯಿರುವುದಿಲ್ಲವಾದ್ದರಿಂದ, ಒಂದು ವರ್ಷದ ಅಭಿರುಚಿಯ ದಾಖಲೆಯಾಗಿ ಈ ವ್ಯಾಪಾರಿ ಸರಕೇ ಹೆಚ್ಚು ನಂಬಲರ್ಹ. ಹೊಸತೆಂದು ಕೇಳಿಸಿದ್ದರಲ್ಲಿ ಹಳೆಯದೆಷ್ಟಿತ್ತು ಎಂಬುದನ್ನೂ ಇದು ತೋರಿಸುತ್ತದೆ: ಮೊಟ್ಟಮೊದಲಿಗೆ ಬರುವ ಫಿಲ್ ಕಾಲಿನ್ಸ್ ಅವರ ಹಾಡು 1966ರಲ್ಲಿ ಸುಪ್ರೀಮ್ಸ್ ತಂಡ ಹಾಡಿದ್ದು, ಯುಬಿ40 ತಂಡದ ‘ರೆಡ್ ರೆಡ್ ವೈನ್’ ನೀಲ್ ಡೈಮಂಡ್ ಅವರ ರಚನೆ, ಪಾಲ್ ಯಂಗ್ ಅವರದು ಮಾರ್ವಿನ್ ಗೇ ಅರವತ್ತರ ದಶಕದಲ್ಲಿ ಧ್ವನಿಮುದ್ರಿಸಿದ್ದ ಹಾಡು.

ಕೊರತೆಗಳೂ ಇವೆ. ಅದೇ ವರ್ಷ ಮೊದಲ ಸ್ಥಾನಕ್ಕೇರಿದ ಮೈಕೆಲ್ ಜಾಕ್ಸನ್‌ರ ‘ಬಿಲ್ಲಿ ಜೀನ್’, ಡೇವಿಡ್ ಬೋವಿಯವರ ‘ಲೆಟ್ಸ್ ಡ್ಯಾನ್ಸ್’, ಬಿಲ್ಲಿ ಜೋಯಲ್‌ರ ‘ಅಪ್‌ಟೌನ್ ಗರ್ಲ್’ ಇಲ್ಲಿ ಸಿಗುವುದಿಲ್ಲ. ಸಂಕಲನದ ಯಶಸ್ಸನ್ನು ಕಂಡ ಪ್ರತಿಸ್ಪರ್ಧಿಗಳಾದ ಸಿಬಿಎಸ್ ಮತ್ತು ಡಬ್ಲ್ಯುಇಎ 1984ರಲ್ಲಿ ‘ದ ಹಿಟ್ಸ್ ಆಲ್ಬಂ’ ಎಂಬ ತಮ್ಮದೇ ಮಾಲೆಯನ್ನು ಆರಂಭಿಸಿದವು. ಬಗೆಬಗೆಯ ಗಾಯಕರ ಸಂಕಲನಗಳು ಆಲ್ಬಂ ಪಟ್ಟಿಯ ಮೇಲುಸ್ಥಾನಗಳನ್ನು ಎಷ್ಟು ಆವರಿಸಿಕೊಂಡವೆಂದರೆ, 1989ರ ಜನವರಿಯಲ್ಲಿ ಅವುಗಳನ್ನು ಮುಖ್ಯ ಪಟ್ಟಿಯಿಂದ ತೆಗೆದು, ಅವುಗಳಿಗಾಗಿಯೇ ಬೇರೊಂದು ಪಟ್ಟಿಯನ್ನು ಏರ್ಪಡಿಸಬೇಕಾಯಿತು. ‘ನೌ’ ಮಾಲೆ ಅಲ್ಲಿಗೆ ನಿಲ್ಲದೆ, 2018ರ ಜುಲೈನಲ್ಲಿ ನೂರನೆಯ ಸಂಪುಟವನ್ನು ಮುಟ್ಟಿತು.