ಬಾಲಿಕೆಯರ ಧೈರ್ಯ, ಗೃಹಸ್ಥರ ಧರ್ಮ

ಬೆಳಗಿನ ಎಂಟು ಗಂಟೆಯ ಹೊತ್ತಿನಲ್ಲಿ ನಮ್ಮ ಗಿರಿನಗರದ ಸೀತಾ ಸರ್ಕಲ್ಲಿನ ಬಳಿ ನಿಂತು ನೋಡಿದರೆ, ಬೆನ್ನಿಗೆ ಪುಸ್ತಕದ ಚೀಲವನ್ನೇರಿಸಿಕೊಂಡು ಗುಂಪುಗುಂಪಾಗಿ ಪಾಠಶಾಲೆಗೆ ಹೋಗುವ ಹೆಣ್ಣುಮಕ್ಕಳು ಕಣ್ಣಿಗೆ ಬೀಳುವರು. ಈ ನೋಟವು ನಮಗೆ ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ, ಹಿಂದೆ ಹೀಗಿರಲಿಲ್ಲವೆಂಬುದಾಗಲಿ, ಇಂದಿಗೂ ಎಲ್ಲ ಮನೆಗಳಲ್ಲಿ ಹೀಗಿಲ್ಲವೆಂಬುದಾಗಲಿ ನಮ್ಮ ನೆನಪಿಗೆ ಬಾರದು. ಆ ಮರೆವನ್ನು ನಮಗೆ ತೋರಿಸಿಕೊಟ್ಟ ಒಂದು ಸಣ್ಣ ಸಂಗತಿಯಿಂದಲೇ ಈ ಲೇಖನವನ್ನು ಆರಂಭಿಸುವೆವು.

ನಮ್ಮ ಮನೆಯ ಕೆಲಸಕ್ಕೆ ಬರುವಾಕೆಯು ಒಂದು ದಿನ, ಮಗಳಿಗೆ ಊರಿನಲ್ಲಿ ಗಂಡು ಗೊತ್ತಾಗಿರುವುದೆಂದು ತಿಳಿಸಿ, ಎಂಟು ದಿನಗಳ ರಜೆಯನ್ನು ಕೇಳಿದಳು. ನಾವು ಸಂತೋಷವನ್ನು ಸೂಚಿಸಿ, ಉಡುಗೊರೆಗೆ ಯಾವ ಸೀರೆಯನ್ನು ಕೊಡಬಹುದೆಂದು ಯೋಚಿಸತೊಡಗಿದೆವೇ ಹೊರತು ಹುಡುಗಿಯ ವಯಸ್ಸನ್ನು ವಿಚಾರಿಸಲಿಲ್ಲ. ವಿಚಾರಿಸಿದವಳು ಪಕ್ಕದಲ್ಲಿ ಕುಳಿತು ಶಾಲೆಯ ಲೆಕ್ಕವನ್ನು ಮಾಡುತ್ತಿದ್ದ ನಮ್ಮ ಮೊಮ್ಮಗಳು. ವಧುವಿಗೆ ಹದಿನಾರು ವರ್ಷ, ಎಸ್.ಎಸ್.ಎಲ್.ಸಿ. ಪರೀಕ್ಷೆಯು ಆಗತಾನೆ ಮುಗಿದಿತ್ತು. “ಓದಿಸ್ಬೇಕು ಅಂತ ನಂಗೂ ಆಸೆ ಅಮ್ಮಾವ್ರೇ. ಮನೇಲಿ ಗಂಡಸರು ಒಪ್ಪಬೇಕಲ್ಲ” ಎಂದಳು ಆ ತಾಯಿ. ಈ ಒಂದು ಮಾತು ನಮ್ಮ ಮನಸ್ಸನ್ನು ಬಹಳ ದಿನ ಕೊರೆಯಿತು. ಸ್ತ್ರೀವಿದ್ಯೆಗಾಗಿ ಹೋರಾಡಿದ ಧೀರಬಾಲಿಕೆಯರ ಚರಿತ್ರೆಗಳನ್ನು ಮತ್ತೊಮ್ಮೆ ತೆರೆದು ನೋಡುವಂತೆಯೂ ಮಾಡಿತು.

ಈ ಕಾಲದಲ್ಲಿ ಆ ಹೆಸರು ಬಂದೊಡನೆ ಎಲ್ಲರಿಗೂ ನೆನಪಾಗುವವಳು ಪಾಕಿಸ್ಥಾನದ ಸ್ವಾತ್ ಕಣಿವೆಯ ಮಲಾಲಾ ಯೂಸುಫ್‌ಜಾಯ್. 1997ರಲ್ಲಿ ಹುಟ್ಟಿದ ಈ ಬಾಲೆಗೆ ಹನ್ನೊಂದು ವರ್ಷವಾಗಿದ್ದಾಗ, ಹೆಣ್ಣುಮಕ್ಕಳು ಶಾಲೆಗೆ ಹೋಗಕೂಡದೆಂದು ತಾಲಿಬಾನಿಗಳು ಆ ಕಣಿವೆಯಲ್ಲಿ ಆಜ್ಞೆ ಹೊರಡಿಸಿದರು. ಆಕೆಯು ‘ಗುಲ್ ಮಕಾಯಿ’ ಎಂಬ ಮರೆಹೆಸರಿನಿಂದ ತನ್ನ ದಿನಚರಿಯನ್ನು ಬರೆದು ಬಿ.ಬಿ.ಸಿ.ಯ ಉರ್ದು ವಿಭಾಗದ ಮೂಲಕ ಲೋಕಕ್ಕೆ ತಿಳಿಸಿದಳು. 2012ರ ಅಕ್ಟೋಬರ್ 9ರಂದು, ಶಾಲೆಯಿಂದ ಹಿಂದಿರುಗುವ ವಾಹನದಲ್ಲಿಯೇ ಆಕೆಯ ತಲೆಗೆ ಗುಂಡು ಹೊಡೆದರು. ದೈವಕೃಪೆಯಿಂದಲೂ ವೈದ್ಯರ ಪರಿಶ್ರಮದಿಂದಲೂ ಬದುಕಿ ಉಳಿದು, 2014ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನಮ್ಮ ದೇಶದ ಕೈಲಾಸ್ ಸತ್ಯಾರ್ಥಿಯವರೊಡನೆ ನೊಬೆಲ್ ಶಾಂತಿ ಪಾರಿತೋಷಕವನ್ನು ಹಂಚಿಕೊಂಡಳು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಗೌರವವನ್ನು ಪಡೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಇದೇ ಹದಿನೇಳನೆಯ ವಯಸ್ಸಿನಲ್ಲಿ, 1848ರಲ್ಲಿ, ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ನಿಂತವರು ಸಾವಿತ್ರಿಬಾಯಿ ಫುಲೆಯವರು. ದಾರಿಯಲ್ಲಿ ಜನರು ಕೆಸರನ್ನೂ ಸಗಣಿಯನ್ನೂ ಎರಚುತ್ತಿದ್ದುದರಿಂದ ಶಾಲೆಯಲ್ಲಿ ಉಡುವುದಕ್ಕೆ ಬೇರೊಂದು ಸೀರೆಯನ್ನು ಕೊಂಡೊಯ್ಯುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಗುಂಡಾಗಲಿ ಸಗಣಿಯಾಗಲಿ, ಎಸೆದ ಕೈಗಳ ಹಿಂದಿದ್ದ ಭಯವು ಒಂದೇ ಎಂದು ನಾವು ತಿಳಿಯುವೆವು.

ನಮ್ಮ ಕನ್ನಡ ನಾಡಿನಲ್ಲಿ ಇಂತಹ ಬಾಲಿಕೆಯರಿರಲಿಲ್ಲವೇ? ಇದ್ದರು. ಆದರೆ ಅವರು ಎದುರಿಸಿದ ಗೋಡೆಯು ಬೀದಿಯಲ್ಲಿ ಇರಲಿಲ್ಲ, ಮನೆಯೊಳಗೇ ಇದ್ದಿತು. ಆ ಕಾಲದ ಸ್ಥಿತಿಯನ್ನು ಅರಿಯುವುದಕ್ಕೆ ಒಂದು ಶಾಸನವನ್ನು ನೋಡಿದರೆ ಸಾಕು. 1894ರಲ್ಲಿ ಮೈಸೂರು ಸರ್ಕಾರವು ಬಾಲ್ಯವಿವಾಹವನ್ನು ತಡೆಯುವುದಕ್ಕಾಗಿ ಒಂದು ಕಾನೂನನ್ನು ಮಾಡಿತು. ಅದರಲ್ಲಿ ಎಂಟು ವರ್ಷ ತುಂಬದ ಹೆಣ್ಣಿಗೆ ಮದುವೆ ಮಾಡಕೂಡದೆಂದೂ, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸಕೂಡದೆಂದೂ ವಿಧಿಸಲಾಗಿತ್ತು. ಎಂಟು ವರ್ಷವೆಂಬುದೇ ಅಂದಿಗೆ ದೊಡ್ಡ ಸುಧಾರಣೆ! 1901ರ ಜನಗಣತಿಯ ಕಾಲಕ್ಕೆ ಭಾರತದಲ್ಲಿ ನೂರು ಮಂದಿ ಸ್ತ್ರೀಯರಲ್ಲಿ ಅಕ್ಷರ ಬಲ್ಲವಳು ಒಬ್ಬಳೂ ಸರಿಯಾಗಿ ಸಿಕ್ಕುತ್ತಿರಲಿಲ್ಲ. ಓದು ಕಲಿತ ಹೆಣ್ಣಿಗೆ ವೈಧವ್ಯವು ತಪ್ಪದೆಂಬ ನಂಬಿಕೆಯು ಅನೇಕ ಮನೆಗಳಲ್ಲಿ ಬೇರೂರಿದ್ದಿತು.

ಇಂತಹ ಕಾಲದಲ್ಲಿ, 1887ರಲ್ಲಿ, ನಂಜನಗೂಡಿನ ವಕೀಲರಾದ ವೆಂಕಟಕೃಷ್ಣ ಅಯ್ಯಂಗಾರ್ಯರ ಮಗಳಾಗಿ ಹುಟ್ಟಿದವರು ತಿರುಮಲಾಂಬೆಯವರು. ಹತ್ತನೆಯ ವಯಸ್ಸಿನಲ್ಲಿ ಮದುವೆ; ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ಆ ಮದುವೆಯು ಅಂದಿನ ಕಾನೂನಿಗೆ ಸಮ್ಮತವೇ ಆಗಿದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಸುಮಾರು 23 ಕಿಲೋಮೀಟರು ದೂರದ ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಅರಮನೆಯ ಪ್ರೋತ್ಸಾಹದಿಂದ 1881ರಲ್ಲಿಯೇ ಹೆಣ್ಣುಮಕ್ಕಳ ಪಾಠಶಾಲೆಯನ್ನು ತೆರೆದಿದ್ದರು. ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಆದರೆ ಸಂಪ್ರದಾಯಸ್ಥರ ಮನೆಯ ಬಾಲವಿಧವೆಗೆ ಆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವಂತಿರಲಿಲ್ಲ. ಹೊಸ್ತಿಲೇ ಆಕೆಗೆ ದಾಟಲಾರದ ಸಮುದ್ರ.

ಇಲ್ಲಿಯೇ ತಂದೆಯವರು ಮಾಡಿದ ಒಂದು ಕೆಲಸವನ್ನು ನಾವು ನೆನೆಯಬೇಕು. ಅವರು ಲೋಕವನ್ನು ತಿದ್ದಲು ಹೊರಡಲಿಲ್ಲ. ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಮನೆಯಲ್ಲಿ ಕುಳಿತೇ ಆಕೆಯು ಕನ್ನಡದೊಡನೆ ತೆಲುಗು, ತಮಿಳುಗಳನ್ನೂ ಕಲಿತರು. ಕಲಿತುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ನೆರೆಹೊರೆಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. 1913ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿ, ‘ಸುಶೀಲೆ’ ಎಂಬ ತಮ್ಮ ಕಾದಂಬರಿಯನ್ನು ಬೆಳಕಿಗೆ ತಂದರು. ಅನಂತರ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಕನ್ನಡದಲ್ಲಿ ಪತ್ರಿಕೆಯನ್ನೂ ಪ್ರಕಾಶನವನ್ನೂ ಕೈಗೊಂಡ ಮೊದಲ ಮಹಿಳೆಯೆಂದು ಅವರು ಹೆಸರಾಗಿರುವರು. ಸಭೆಗಳಲ್ಲಿ ಮುಖ ತೋರಿಸಲಾಗದ ಯುವತಿಯು ಅಂಚೆಯ ಚೀಲದ ಮೂಲಕ ನೂರಾರು ಮನೆಗಳ ಒಳಮನೆಯನ್ನು ಹೊಕ್ಕಳು!

ಅವರ ಬರಹಗಳಲ್ಲಿ ಪಾತಿವ್ರತ್ಯದ ಉಪದೇಶವೇ ಹೆಚ್ಚೆಂದು ಈಗಿನವರು ಆಕ್ಷೇಪಿಸುವುದುಂಟು. ಆಕ್ಷೇಪವು ನಿರಾಧಾರವಲ್ಲ. ಆದರೆ ಹಳೆಯ ಆದರ್ಶವನ್ನು ಹೇಳುತ್ತಲೇ, ಆ ಆದರ್ಶಕ್ಕೂ ವಿದ್ಯೆಯೇ ಅಡಿಗಲ್ಲೆಂದು ಅವರು ಸಾಧಿಸಿದರು. ವಿದ್ಯೆಯು ಹೆಣ್ಣನ್ನು ಕೆಡಿಸುವುದೆಂದು ನಂಬಿದ್ದ ಮನೆಯವರಿಗೆ ಅದಕ್ಕಿಂತ ಒಗ್ಗುವ ಔಷಧವು ಬೇರೊಂದಿರಲಿಲ್ಲವೆಂದು ನಮ್ಮ ಭಾವನೆ.

ಮುಂದೆ ಅವರು ಮದರಾಸನ್ನು ಸೇರಿ, ಕನ್ನಡಿಗರ ನೆನಪಿನಿಂದ ಬಹುಮಟ್ಟಿಗೆ ಮರೆಯಾದರು. ವಿಜಯಾ ದಬ್ಬೆಯವರಂತಹ ವಿದುಷಿಯರು ಅವರ ಸಾಧನೆಯನ್ನು ಮತ್ತೆ ಬೆಳಕಿಗೆ ತಂದರು. 1982ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ತಿರುಮಲಾಂಬೆಯವರು ಕಾಲವಾದರು. ನಮ್ಮ ನೆರೆಯ ಜಯನಗರದ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನಲ್ಲಿ ಸಿ. ಎನ್. ಮಂಗಳಾ ಅವರು ಕಟ್ಟಿದ ‘ಶಾಶ್ವತಿ’ ಸಂಸ್ಥೆಯು ಲೇಖಕಿಯರಿಗಾಗಿ ಅವರ ಹೆಸರಿನ ಪ್ರಶಸ್ತಿಯನ್ನು ಏರ್ಪಡಿಸಿತು.

ತಿರುಮಲಾಂಬೆಯವರಿಗೆ ತಂದೆಯ ಬೆಂಬಲವಿದ್ದಿತು. ಸಾವಿತ್ರಿಬಾಯಿಯವರನ್ನು ಮಾವನು ಮನೆ ಬಿಡಿಸಿದಾಗಲೂ ಪತಿ ಜೋತಿರಾಯರು ಜೊತೆಗಿದ್ದರು. ಅಕ್ಷರ ಕಲಿಸಿದವರೂ ಅವರೇ. ಮಲಾಲಾಳ ತಂದೆ ಜಿಯಾವುದ್ದೀನರು ತಾವೇ ಶಾಲೆಯನ್ನು ನಡೆಸುತ್ತಿದ್ದ ಉಪಾಧ್ಯಾಯರು. ಮೂವರೂ ಬೇರೆಬೇರೆ ಕಾಲದವರು, ಬೇರೆಬೇರೆ ಮತದವರು. ಆದರೂ ಪ್ರತಿಯೊಬ್ಬ ಧೀರೆಯ ಹಿಂದೆ ಅಡ್ಡಬಾರದ ಒಬ್ಬ ಗೃಹಸ್ಥನಿರುವನು. ಇದನ್ನು ಹೇಳುವುದರಿಂದ ಆ ಬಾಲಿಕೆಯರ ಧೈರ್ಯಕ್ಕೆ ಕುಂದಿಲ್ಲ. ಕೆಸರನ್ನೂ ಗುಂಡನ್ನೂ ಮೈಮೇಲೆ ತೆಗೆದುಕೊಂಡವರು ಅವರೇ. ಆದರೆ ಅಷ್ಟೇ ಧೈರ್ಯವುಳ್ಳ ಎಷ್ಟು ಮಂದಿ ಹೆಣ್ಣುಮಕ್ಕಳು ಒಬ್ಬರ ಒಪ್ಪಿಗೆ ಸಿಕ್ಕದೆ ಅಡಿಗೆಯ ಮನೆಯಲ್ಲಿ ಮುಗಿದುಹೋದರೋ, ಅವರ ಲೆಕ್ಕವನ್ನು ಇಟ್ಟವರಾರು?

ಮನೆಯಲ್ಲಿ ಆಸರೆಯಿಲ್ಲದವರಿಗೆ ಹೊರಗೆ ಒಂದು ಆಸರೆಯನ್ನು ಕಟ್ಟಿದವರು ಆರ್. ಕಲ್ಯಾಣಮ್ಮನವರು. ಗಿರಿನಗರದಿಂದ ಪೇಟೆಯ ಕಡೆಗೆ ಹೋಗುವಾಗ ಚಾಮರಾಜಪೇಟೆಯಲ್ಲಿ ಸಿಕ್ಕುವ ‘ಮಕ್ಕಳ ಕೂಟ’ದ ಹೆಸರನ್ನು ನಾವೆಲ್ಲರೂ ದಿನವೂ ಹೇಳುವೆವು, ಅದು ಬಸ್ಸು ನಿಲ್ಲುವ ಸ್ಥಳವೆಂದು ಮಾತ್ರ ಬಲ್ಲೆವು. 1938ರಲ್ಲಿ ಅದನ್ನು ಸ್ಥಾಪಿಸಿದ ಕಲ್ಯಾಣಮ್ಮನವರೂ ಬಾಲವಿಧವೆಯೇ. ಅದಕ್ಕೆ ಹದಿನೇಳು ವರ್ಷ ಮುಂಚೆ, 1921ರಲ್ಲಿ, ಅವರು ‘ಸರಸ್ವತಿ’ ಎಂಬ ಸ್ತ್ರೀಯರ ಮಾಸಪತ್ರಿಕೆಯನ್ನು ಆರಂಭಿಸಿ, ನಾಲ್ವತ್ತು ವರ್ಷಗಳಿಗೂ ಮೀರಿ ನಡೆಸಿದರು. ಒಂದು ದಿನದ ಸಾಹಸವನ್ನು ಲೋಕವು ಕೊಂಡಾಡುವುದು. ತಿಂಗಳು ತಿಂಗಳೂ ಕಾಗದವನ್ನೂ ಚಂದಾದಾರರನ್ನೂ ಹೊಂದಿಸಿ, ನಾಲ್ವತ್ತು ವರ್ಷ ಹೆಣ್ಣುಮಕ್ಕಳ ಪರವಾಗಿ ಬರೆಯುತ್ತಿರುವುದೂ ಧೈರ್ಯವೇ ಅಲ್ಲವೇ? ಅವರು 1965ರಲ್ಲಿ ತೀರಿಕೊಂಡರು.

ಇವೆಲ್ಲ ಕಳೆದುಹೋದ ಕಾಲದ ಮಾತೆಂದು ಯಾರೂ ಭಾವಿಸಬಾರದು. ಅಫಘಾನಿಸ್ಥಾನದಲ್ಲಿ 2021ರ ಸೆಪ್ಟೆಂಬರಿನಿಂದ ಆರನೆಯ ತರಗತಿಯ ಮುಂದಿನ ಓದು ಹೆಣ್ಣುಮಕ್ಕಳಿಗೆ ನಿಷಿದ್ಧವಾಯಿತು. ನಮ್ಮ ಕರ್ನಾಟಕದಲ್ಲಿಯೂ 2011ರ ಜನಗಣತಿಯ ಪ್ರಕಾರ ನೂರರಲ್ಲಿ 68 ಮಂದಿ ಸ್ತ್ರೀಯರು ಮಾತ್ರ ಅಕ್ಷರಸ್ಥರು. ಕಾನೂನಿನ ಕೊರತೆಯಂತೂ ಇಲ್ಲ. ಹೆಣ್ಣಿಗೆ ಹದಿನೆಂಟು ತುಂಬುವ ಮುಂಚೆ ಮದುವೆಯು ಅಪರಾಧ. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಅಂತಹ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿದೆ. 1098 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಮಕ್ಕಳ ಸಹಾಯವಾಣಿಯವರು ನೆರವಿಗೆ ಬರುವರು. ಆದರೆ ಎಂಟು ಹೋಗಿ ಹದಿನೆಂಟಾದರೂ, ಮನೆಯ ಗಂಡಸರು ಒಪ್ಪಬೇಕೆಂಬ ಮಾತು ಮಾತ್ರ ಹೋಗಿಲ್ಲ.

ಆದುದರಿಂದ ನಾವು ಒಂದು ಸಂಜೆ ಆ ತಾಯಿಯ ಮನೆಗೆ ಹೋಗಿ ಹುಡುಗಿಯ ತಂದೆಯೊಡನೆ ಕುಳಿತು ಮಾತನಾಡಿದೆವು. ಆತನು ದುಷ್ಟನಲ್ಲ, ಬಡತನಕ್ಕೂ ಊರಿನ ಬಾಯಿಗೂ ಹೆದರಿದವನು. ಕಾನೂನನ್ನು ಹೇಳಿದಾಗ ತಲೆ ತಗ್ಗಿಸಿದನು. ಕಾಲೇಜಿನ ಫೀಜಿನ ಭಾರವನ್ನು ನಾವು ಹೊರುವೆವೆಂದಾಗ ತಲೆಯೆತ್ತಿದನು. ಗಂಡಿನ ಕಡೆಯವರು ಕಾಯಲಿಲ್ಲ, ಸಂಬಂಧವು ತಪ್ಪಿತು. ಅದಕ್ಕಾಗಿ ಆತನಿಗೆ ನಮ್ಮ ಮೇಲೆ ಇನ್ನೂ ಸ್ವಲ್ಪ ಮುನಿಸಿರುವುದು. ಹುಡುಗಿಯು ಈಗ ದ್ವಿತೀಯ ಪಿ.ಯು.ಸಿ.ಯಲ್ಲಿ ಓದುತ್ತಿರುವಳು.

ಇದು ದೊಡ್ಡ ಉಪಕಾರವೆಂದು ಹೇಳಿಕೊಳ್ಳುವುದಕ್ಕಾಗಿ ನಾವು ಬರೆಯಲಿಲ್ಲ. ವಯಸ್ಸನ್ನು ಕೇಳುವ ಬುದ್ಧಿಯು ಮೊದಲು ನಮಗೆ ಹುಟ್ಟಲಿಲ್ಲವೆಂಬ ನಾಚಿಕೆಯಿಂದ ಬರೆದೆವು. ಲೋಕದ ಎಲ್ಲ ಹೆಣ್ಣುಮಕ್ಕಳ ಪರವಾಗಿ ನಿಲ್ಲುವ ಶಕ್ತಿಯು ನಮ್ಮಲ್ಲಿ ಎಲ್ಲರಿಗೂ ಇರಲಾರದು. ಆದರೆ ನಮ್ಮ ಮನೆಯ, ನಮ್ಮ ಮನೆಗೆ ಬರುವವರ ಮನೆಯ ಹುಡುಗಿಯ ಓದು ಎಲ್ಲಿಗೆ ಬಂದಿದೆಯೆಂದು ವಿಚಾರಿಸಬಲ್ಲೆವಷ್ಟೆ? ಸೋದರ ಸೋದರಿಯರೇ, ಈ ಸಂಚಿಕೆಯನ್ನು ಮಡಿಸಿಡುವ ಮುಂಚೆ ಆ ಒಂದು ಪ್ರಶ್ನೆಯನ್ನು ಕೇಳಿರಿ.