ಮೀನು ಗಾಡಿ ಓಡಿಸೀತೇ?

ಪ್ರಶ್ನೆ: ಸಾಕುಮೀನು ಗಾಡಿ ಓಡಿಸಿತಂತೆ, ನಿಜವೇ? – ಓದುಗರೊಬ್ಬರು, ಹೈದರಾಬಾದ್

ಉತ್ತರ: ನಿಜ. ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಗೆ ಮೀನಿನಾಕಾರದ ಕಟ್ಟಡವನ್ನೇ ಕಟ್ಟಿದ ಊರಿನವರಿಗೆ ಈ ಕುತೂಹಲ ಸಹಜವೇ! ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಿದ್ದ ತಂಡ ಈ ಪ್ರಯೋಗವನ್ನು 2022ರಲ್ಲಿ ಪ್ರಕಟಿಸಿತು.

ಚಕ್ರದ ಗಾಡಿ, ಅದರ ಮೇಲೆ ನೀರಿನ ತೊಟ್ಟಿ, ಒಳಗೊಂದು ಗೋಲ್ಡ್‌ಫಿಶ್. ಮೀನು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಮೇಲಿನ ಕ್ಯಾಮೆರಾ ಬಿಡದೆ ಗಮನಿಸುತ್ತದೆ. ತೊಟ್ಟಿಯ ಗೋಡೆಯ ಬಳಿ ಬಂದು ಹೊರಗೆ ಮುಖ ಮಾಡಿತೋ, ಪುಟ್ಟ ಕಂಪ್ಯೂಟರು ಗಾಡಿಯನ್ನು ಅತ್ತಲೇ ಹೊರಡಿಸುತ್ತದೆ. ಒಳಕ್ಕೆ ತಿರುಗಿದರೆ ಗಾಡಿ ನಿಲ್ಲುತ್ತದೆ.

ಗುರಿ, ಗುಲಾಬಿ ಬಣ್ಣದ ಹಲಗೆ. ಗಾಡಿ ಅದನ್ನು ಮುಟ್ಟಿದರೆ ಮೀನಿಗೆ ಒಂದು ತುಣುಕು ತಿಂಡಿ, ಲಂಚವೆನ್ನಿ. ಆರು ಮೀನುಗಳು ಕಲಿತವು. ಹೊರಡುವ ಜಾಗ ಬದಲಿಸಿದರೂ, ಬೇರೆ ಬಣ್ಣದ ಹಲಗೆಗಳನ್ನಿಟ್ಟು ದಾರಿ ತಪ್ಪಿಸಲು ನೋಡಿದರೂ ಗುರಿ ಸೇರಿದವು.